ಅಮೃತಸರದ ಆ 50 ನಿಮಿಷ: ಐಸಿ-814 ಮತ್ತು ಭದ್ರತಾ ಸಲಹೆಗಾರನ ಕುರ್ಚಿ

1999ರ ಡಿಸೆಂಬರ್ 24, ಶುಕ್ರವಾರ. ಕಠ್ಮಂಡುವಿಂದ ದಿಲ್ಲಿಗೆ ಹೊರಟಿದ್ದ ಇಂಡಿಯನ್ ಏರ್‌ಲೈನ್ಸ್ ವಿಮಾನ ಐಸಿ-814, ಸಂಜೆ 5 ಗಂಟೆಗೆ ಸ್ವಲ್ಪ ಮುಂಚೆ ಐದು ಜನ ಅಪಹರಣಕಾರರ ಕೈಗೆ ಹೋಯ್ತು. ಒಳಗೆ ಸಿಬ್ಬಂದಿ ಸೇರಿ ಸುಮಾರು 190 ಜನ. ಅಪಹರಣಕಾರರಿಗೆ ಲಾಹೋರ್‌ಗೆ ಹೋಗ್ಬೇಕು, ಲಾಹೋರ್‌ನವರು ಇಳಿಯೋಕೆ ಬಿಡಲಿಲ್ಲ, ಟ್ಯಾಂಕಲ್ಲಿ ಇಂಧನ ಮುಗೀತಾ ಬಂದಿತ್ತು, ಕೊನೆಗೆ ಕ್ಯಾಪ್ಟನ್ ದೇವಿ ಶರಣ್ 7 ಗಂಟೆ ಸುಮಾರಿಗೆ ಅಮೃತಸರದಲ್ಲಿ ಇಳಿಸಿದ್ರು. ನಮ್ಮ ನೆಲ, ನಮ್ಮ ರನ್‌ವೇ, ಸುತ್ತ ನಮ್ಮ ಪೊಲೀಸರು. ಹತ್ತಿರ ಹತ್ತಿರ 50 ನಿಮಿಷ ವಿಮಾನ ಅಲ್ಲೇ ಇತ್ತು. ಆಮೇಲೆ ಇಂಧನ ತುಂಬಿಸಿಕೊಳ್ಳದೇನೇ ಮೇಲೆ ಹಾರ್ತು.

ವಿಮಾನ ಕೊನೆಗೆ ಹೋಗಿ ನಿಂತ ಅಫ್ಘಾನಿಸ್ತಾನದ ಕಂದಹಾರ್ ಕತೆ ಎಲ್ಲರಿಗೂ ಗೊತ್ತು, ಒತ್ತೆಯಾಳುಗಳಿಗಾಗಿ ಉಗ್ರ ಮಸೂದ್ ಅಜರ್‌ನ ಬಿಟ್ಟಿದ್ದು ಗೊತ್ತು, ಅದರ ಬಗ್ಗೆ ಇಪ್ಪತ್ತೈದು ವರ್ಷದಿಂದ ಜಗಳ ನಡೀತಾನೇ ಇದೆ. ಆದ್ರೆ ನನಗೆ ಯಾವಾಗ್ಲೂ ಕಾಡೋದು ಈ 50 ನಿಮಿಷ. ಯಾಕಂದ್ರೆ ಪ್ರಧಾನಿಗೆ ಒಬ್ಬ ರಾಷ್ಟ್ರೀಯ ಭದ್ರತಾ ಸಲಹೆಗಾರ (ಎನ್‌ಎಸ್‌ಎ) ಯಾಕೆ ಬೇಕು, ಆ ಮನುಷ್ಯ ಬೆಳಗ್ಗೆಯಿಂದ ಸಂಜೆ ತನಕ ಏನು ಮಾಡ್ತಾನೆ ಅಂತ ಯಾರಾದ್ರೂ ಕೇಳಿದ್ರೆ, ಪುಸ್ತಕದ ಉತ್ತರಕ್ಕಿಂತ ಈ 50 ನಿಮಿಷ ತೋರಿಸೋದು ಸುಲಭ. ಸ್ಪರ್ಧಾತ್ಮಕ ಪರೀಕ್ಷೆಗೆ ಓದೋ ಹುಡುಗರು ಎನ್‌ಎಸ್‌ಎ ಅಂದ್ರೆ ಯಾರು, ಯಾವಾಗಿಂದ, ಮೊದಲನೇಯವರು ಯಾರು ಅಂತ ಬಾಯಿಪಾಠ ಮಾಡ್ತಾರೆ. ಆ ಕುರ್ಚಿಯ ಕೆಲಸ ಏನು ಅನ್ನೋದು ಮಾತ್ರ ಬಾಯಿಪಾಠದಿಂದ ಗೊತ್ತಾಗೋದಿಲ್ಲ.

ಮೊದಲು ಕುರ್ಚಿ ಬಗ್ಗೆ. ಅಮೆರಿಕದಲ್ಲಿ ಈ ಹುದ್ದೆ 1953ರಿಂದ ಇದೆ, ಐಸೆನ್‌ಹೋವರ್ ಕಾಲದಲ್ಲಿ ಶುರುವಾಗಿದ್ದು. ನಮ್ಮಲ್ಲಿ ಬಂದಿದ್ದು ತೀರಾ ತಡವಾಗಿ. 1998ರ ಮೇನಲ್ಲಿ ಪೋಖ್ರಾನ್ ಅಣುಪರೀಕ್ಷೆ ಆಯ್ತು, ಅದೇ ವರ್ಷ ನವೆಂಬರ್‌ನಲ್ಲಿ ವಾಜಪೇಯಿ ಸರ್ಕಾರ ರಾಷ್ಟ್ರೀಯ ಭದ್ರತಾ ಮಂಡಳಿ ಮಾಡ್ತು, ಅದರ ಜೊತೆಗೆ ಸಲಹೆಗಾರನ ಹುದ್ದೆ. ಮೊದಲನೇ ಎನ್‌ಎಸ್‌ಎ ಬ್ರಜೇಶ್ ಮಿಶ್ರಾ. ಮಧ್ಯಪ್ರದೇಶದ ಮುಖ್ಯಮಂತ್ರಿ ಆಗಿದ್ದ ದ್ವಾರಕಾ ಪ್ರಸಾದ್ ಮಿಶ್ರಾ ಅವರ ಮಗ, ವಿದೇಶಾಂಗ ಸೇವೆಯಲ್ಲಿ ಬೆಳೆದವರು, ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿ ಆಗಿದ್ದವರು. ವಾಜಪೇಯಿಗೆ ಅವರ ಮೇಲೆ ಪೂರ್ತಿ ನಂಬಿಕೆ ಇತ್ತು. ಆದ್ರೆ ಅದಕ್ಕೂ ಮೊದಲೇ ಅವರು ಪ್ರಧಾನಿಯ ಪ್ರಿನ್ಸಿಪಲ್ ಸೆಕ್ರೆಟರಿ ಆಗಿದ್ರು. ಎನ್‌ಎಸ್‌ಎ ಆದ್ಮೇಲೆ ಆ ಹುದ್ದೆ ಬಿಡಲಿಲ್ಲ. 2004ರ ಮೇ ತನಕ ಎರಡನ್ನೂ ಒಬ್ಬರೇ ನೋಡಿಕೊಂಡ್ರು.

ಪ್ರಿನ್ಸಿಪಲ್ ಸೆಕ್ರೆಟರಿ ಅಂದ್ರೆ ಪ್ರಧಾನಿ ಕಚೇರಿಯ ಅಷ್ಟೂ ಫೈಲ್. ನೇಮಕಾತಿ, ಆರ್ಥಿಕತೆ, ಮಿತ್ರಪಕ್ಷಗಳ ಮುನಿಸು, ರಾಜ್ಯಗಳ ತಕರಾರು, ಎಲ್ಲ. ಆ ವರ್ಷ ಅಕ್ಟೋಬರ್‌ನಲ್ಲಷ್ಟೇ ಹೊಸ ಸಮ್ಮಿಶ್ರ ಸರ್ಕಾರ ಪ್ರಮಾಣ ವಚನ ತಗೊಂಡಿತ್ತು, ಅದಾದ ಎರಡು ವಾರಕ್ಕೆ ಒಡಿಶಾದಲ್ಲಿ ಸೂಪರ್ ಸೈಕ್ಲೋನ್ ಸಾವಿರಾರು ಜನರನ್ನ ತಗೊಂಡು ಹೋಗಿತ್ತು. ಇಷ್ಟೆಲ್ಲ ಬಂದು ಬೀಳೋ ಮೇಜಿನ ಮೇಲೇ ದೇಶದ ಭದ್ರತೆಯೂ ಇತ್ತು.

ಈಗ ಆ ಸಂಜೆಗೆ ಬರೋಣ. ಒಂದು ವಿಮಾನ ಅಮೃತಸರದಲ್ಲಿ ನಿಂತಿದೆ, ಅದನ್ನ ಹಾರದಂಗೆ ತಡೀಬೇಕು ಅಂದ್ರೆ ಯಾರ್ಯಾರು ಬೇಕು ನೋಡಿ. ರನ್‌ವೇ ಸುತ್ತ ಇರೋ ಪೊಲೀಸರು ಪಂಜಾಬ್ ಸರ್ಕಾರದವರು. ಕಮಾಂಡೋ ಪಡೆ ಎನ್‌ಎಸ್‌ಜಿ ಇರೋದು ದಿಲ್ಲಿ ಹತ್ರ, ಅದು ಗೃಹ ಸಚಿವಾಲಯದ ಕೆಳಗೆ. ಕಂಟ್ರೋಲ್ ಟವರ್ ನಾಗರಿಕ ವಿಮಾನಯಾನದ ಕಡೆಯದು. ವಾಯುಪಡೆ ರಕ್ಷಣಾ ಸಚಿವಾಲಯದ್ದು, ಆಗ ಸಚಿವರು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಪಾಕಿಸ್ತಾನದ ಜೊತೆ ಮಾತಾಡ್ಬೇಕು ಅಂದ್ರೆ ಜಸ್ವಂತ್ ಸಿಂಗ್ ಅವರ ವಿದೇಶಾಂಗ ಇಲಾಖೆ. ಅಪಹರಣಕಾರರು ಯಾರು ಅಂತ ಹೇಳಬೇಕಾದವರು ನಮ್ಮ ಗೂಢಚಾರ ಸಂಸ್ಥೆಗಳು, ದೇಶದ ಒಳಗೆ ನೋಡೋ ಐಬಿ ಮತ್ತು ಹೊರಗೆ ನೋಡೋ ರಾ. ಐದಾರು ದಾರ, ಐದಾರು ಕೈ. ಈ ದಾರಗಳೆಲ್ಲ ಒಂದೇ ಕಡೆ ಬಂದು ಸೇರೋದು ಪ್ರಧಾನಿ ಮೇಜಿನ ಮೇಲೆ. ಆ ಮೇಜಿಗೆ ಒಂದು ಹೆಜ್ಜೆ ಮುಂಚೆ ನಿಂತು, ಎಲ್ಲ ದಾರ ಹಿಡ್ಕೊಂಡು, ಸ್ವಾಮಿ ಈಗ ಇರೋದು ಎರಡೇ ದಾರಿ, ಹತ್ತು ನಿಮಿಷ ಟೈಮ್ ಇದೆ, ಯಾವುದು ಹೇಳಿ ಅಂತ ಕೇಳೋನೇ ಭದ್ರತಾ ಸಲಹೆಗಾರ. ಅವನಿಗೆ ಸ್ವಂತ ಪಡೆ ಇಲ್ಲ, ಕಾನೂನು ಕೊಟ್ಟ ಅಧಿಕಾರ ಇಲ್ಲ. ಇರೋದು ಪ್ರಧಾನಿಯ ಕಿವಿ ಮತ್ತು ಪ್ರಧಾನಿಯ ಹೆಸರಲ್ಲಿ ಫೋನ್ ಮಾಡೋ ತಾಕತ್ತು, ಅಷ್ಟೇ. ಆದ್ರೆ ಆ ಹೊತ್ತಲ್ಲಿ ಅದಕ್ಕಿಂತ ದೊಡ್ಡದು ಬೇರೆ ಏನೂ ಇಲ್ಲ.

ಆವತ್ತು ಸಂಜೆ ವಾಜಪೇಯಿ ದಿಲ್ಲಿಯಲ್ಲಿ ಇರಲಿಲ್ಲ. ಪ್ರವಾಸ ಮುಗಿಸಿ ವಾಪಸ್ ಬರ್ತಾ ಅವರೂ ವಿಮಾನದಲ್ಲೇ ಇದ್ರು. ಇಳಿದ ಮೇಲೆ ಮಿಶ್ರಾ ವಿಷಯ ತಿಳಿಸಿದ್ರು. ಮಾರನೇ ದಿನ ವಾಜಪೇಯಿಗೆ 75 ತುಂಬೋ ಹುಟ್ಟುಹಬ್ಬ. ದೇಶದ ಪ್ರಧಾನಿ ಗಾಳಿಯಲ್ಲಿದ್ದಾಗ ಅವರಿಗೆ ವಿಷಯ ಮುಟ್ಟಿಸೋಕೆ ಆಗದಿದ್ದ ಕಾಲ ಅದು, ಅಥವಾ ಮುಟ್ಟಿಸಬೇಕು ಅಂತ ಯಾರಿಗೂ ಹೊಳೀಲಿಲ್ಲವೋ, ಹೇಗೇ ಇರ್ಲಿ, ಮೊದಲನೇ ಸಮಯ ಅಲ್ಲೇ ಸೋರಿ ಹೋಯ್ತು.

ನಿಯಮದ ಪ್ರಕಾರ ಅಪಹರಣ ಆದ್ರೆ ಕ್ರೈಸಿಸ್ ಮ್ಯಾನೇಜ್‌ಮೆಂಟ್ ಗ್ರೂಪ್, ಸಿಎಂಜಿ ಅಂತಾರೆ, ಅದು ಸೇರಬೇಕು, ಸಂಪುಟ ಕಾರ್ಯದರ್ಶಿ ಅದರ ಅಧ್ಯಕ್ಷರು. ಆಗ ಪ್ರಭಾತ್ ಕುಮಾರ್ ಇದ್ರು. ಗ್ರೂಪ್ ಸೇರ್ತು. ಸೇರಿದ್ರೂ ಅದರಿಂದ ಅಮೃತಸರಕ್ಕೆ ಒಂದು ಗಟ್ಟಿ ಆದೇಶ ಹೋಗಲಿಲ್ಲ. ಹೇಗಾದ್ರೂ ಮಾಡಿ ವಿಮಾನವನ್ನ ಅಲ್ಲೇ ಉಳಿಸಿಕೊಳ್ಳಿ ಅನ್ನೋ ಮಾತು ಹೋಯ್ತು, ಹೇಗೆ ಅನ್ನೋದು ಹೋಗಲಿಲ್ಲ. ಟೈರ್‌ಗೆ ಗುಂಡು ಹೊಡೀಬೇಕಾ, ಹೊಡೆದ್ರೆ ಒಳಗಿರೋರ ಗತಿ ಏನು, ಸತ್ರೆ ಜವಾಬ್ದಾರಿ ಯಾರದು, ಪಂಜಾಬ್ ಪೊಲೀಸರೇ ಮುಂದೆ ಹೋಗ್ಬೇಕಾ ಅಥವಾ ಎನ್‌ಎಸ್‌ಜಿಗೆ ಕಾಯಬೇಕಾ. ಇಂಥ ಪ್ರಶ್ನೆಗೆ ಹತ್ತು ಜನ ಕೂತ ಸಭೆ ಹತ್ತು ನಿಮಿಷದಲ್ಲಿ ಉತ್ತರ ಕೊಡೋದು ಕಷ್ಟ, ಅದು ಸಭೆಯ ಸ್ವಭಾವ, ಅಲ್ಲಿದ್ದ ಅಧಿಕಾರಿಗಳು ದಡ್ಡರು ಅಂತ ಖಂಡಿತ ಅಲ್ಲ. ಕ್ಯಾಪ್ಟನ್ ಮೇಲಿಂದ ಮೇಲೆ ಇಂಧನ ಕೊಡಿ, ಇವರು ಜನರನ್ನ ಕೊಲ್ತಾರೆ ಅಂತ ಟವರ್‌ಗೆ ಬೇಡಿಕೊಳ್ತಾ ಇದ್ರು. ಇಂಧನದ ಟ್ಯಾಂಕರನ್ನ ವಿಮಾನದ ಮುಂದೆ ಅಡ್ಡ ನಿಲ್ಲಿಸೋ ಯೋಚನೆ ಆಯ್ತು, ಅದು ಬರೋ ರೀತಿ ನೋಡಿ ಅಪಹರಣಕಾರರಿಗೆ ಅನುಮಾನ ಬಂತು, ಹೊರಡು ಹೊರಡು ಅಂತ ಪೈಲಟ್ ತಲೆಗೆ ಪಿಸ್ತೂಲು ಇಟ್ರು. ಎನ್‌ಎಸ್‌ಜಿ ತಂಡ ದಿಲ್ಲಿಯಿಂದ ಹೊರಡೋದೇ ತಡ ಆಗಿ, ಅವರು ಅಮೃತಸರ ಮುಟ್ಟೋ ಹೊತ್ತಿಗೆ ವಿಮಾನ ಹೋಗಿಯಾಗಿತ್ತು.

ಇಲ್ಲಿ ಒಂದು ವಿಷಯ ಹೇಳಲೇಬೇಕು, ಇದು ನೆನಪಾದಾಗೆಲ್ಲ ಹೊಟ್ಟೆ ಉರಿಯುತ್ತೆ. ಆರೂವರೆ ವರ್ಷದ ಹಿಂದೆ, 1993ರ ಏಪ್ರಿಲ್‌ನಲ್ಲಿ, ದಿಲ್ಲಿ-ಶ್ರೀನಗರದ ಐಸಿ-427 ಅಪಹರಣ ಆಗಿತ್ತು. ಆಗಲೂ ಲಾಹೋರ್ ಇಳಿಯೋಕೆ ಬಿಡಲಿಲ್ಲ, ಆಗಲೂ ವಿಮಾನ ಬಂದು ಇಳಿದಿದ್ದು ಇದೇ ಅಮೃತಸರದಲ್ಲಿ. ಗಂಟೆಗಟ್ಟಲೆ ಮಾತಲ್ಲಿ ಹಿಡಿದಿಟ್ರು, ಮಧ್ಯರಾತ್ರಿ ಕಳೆದ ಮೇಲೆ ಎನ್‌ಎಸ್‌ಜಿ ಒಳಗೆ ನುಗ್ಗಿ ಕೆಲವೇ ನಿಮಿಷದಲ್ಲಿ ಮುಗಿಸ್ತು. 141 ಜನ, ಒಬ್ಬ ಪ್ರಯಾಣಿಕನಿಗೂ ಏನೂ ಆಗಲಿಲ್ಲ. ಹೌದು, ಅಲ್ಲಿ ಅಪಹರಣಕಾರ ಒಬ್ಬನೇ, ಇಲ್ಲಿ ಐದು ಜನ, ಎರಡನ್ನೂ ಒಂದೇ ತಕ್ಕಡಿಗೆ ಹಾಕೋದು ಸರಿಯಲ್ಲ, ನುಗ್ಗಿದ್ರೆ ಗೆಲ್ತಿದ್ವಿ ಅಂತ ನಾನು ಹೇಳ್ತಾ ಇಲ್ಲ. ನಾನು ಹೇಳೋದು, ಅದೇ ಊರು, ಅದೇ ರನ್‌ವೇ, ಅದೇ ಪಡೆ, ಹಳೇ ಅನುಭವ ಸರ್ಕಾರದ ಕಪಾಟಲ್ಲೇ ಇತ್ತು. ವಿಮಾನ ಅಮೃತಸರದ ಕಡೆ ತಿರುಗಿದ ಕ್ಷಣ ಆ ಕಪಾಟು ತೆಗೆದು ಪ್ರಧಾನಿ ಮುಂದೆ ಇಡೋ ಕೆಲಸ ಯಾರದ್ದು? ಸಚಿವಾಲಯಗಳು ತಂತಮ್ಮ ಪಾಲು ನೋಡ್ಕೊಳ್ತವೆ. ಇಡೀ ಚಿತ್ರ ತಲೆಯಲ್ಲಿ ಇಟ್ಕೊಂಡಿರಬೇಕಾದವನು ಒಬ್ಬನೇ.

ರಾತ್ರಿ ಲಾಹೋರ್‌ನಲ್ಲಿ ಇಂಧನ ಸಿಕ್ತು. ಅಲ್ಲಿಂದ ದುಬೈ ಹತ್ರದ ಅಲ್ ಮಿನ್ಹಾದ್ ವಾಯುನೆಲೆ, ಅಲ್ಲಿ 27 ಪ್ರಯಾಣಿಕರನ್ನ ಇಳಿಸಿದ್ರು, ಇರಿದು ಕೊಂದಿದ್ದ ಒಬ್ಬ ಯುವಕನ ಶವವನ್ನೂ. 25ರ ಬೆಳಗ್ಗೆ ಕಂದಹಾರ್. ಅಲ್ಲಿಗೆ ಲೆಕ್ಕ ಪೂರ್ತಿ ಬದಲಾಯ್ತು. ಆಗಿನ ತಾಲಿಬಾನ್ ಸರ್ಕಾರವನ್ನ ಜಗತ್ತಲ್ಲಿ ಮಾನ್ಯ ಮಾಡಿದ್ದು ಪಾಕಿಸ್ತಾನ, ಸೌದಿ, ಯುಎಇ ಮೂರೇ ದೇಶ, ನಮಗೆ ಆಗ ಅಲ್ಲಿ ರಾಯಭಾರ ಕಚೇರಿನೇ ಇರಲಿಲ್ಲ. ಇಸ್ಲಾಮಾಬಾದ್‌ನ ನಮ್ಮ ಹೈಕಮಿಷನ್‌ನಿಂದ ಎ.ಆರ್. ಘನಶ್ಯಾಮ್ ಅನ್ನೋ ಅಧಿಕಾರಿ ಹೋದ್ರು, 27ಕ್ಕೆ ದಿಲ್ಲಿಯಿಂದ ವಿವೇಕ್ ಕಾಟ್ಜು ನೇತೃತ್ವದ ತಂಡ. ಅದರಲ್ಲಿ ಐಬಿಯ ಅಜಿತ್ ದೋವಲ್, ನೇಹಚಲ್ ಸಂಧು, ರಾ ಕಡೆಯಿಂದ ಸಿ.ಡಿ. ಸಹಾಯ್ ಇದ್ರು. ಅಪಹರಣಕಾರರು ಕೇಳಿದ್ದು 36 ಜನ ಕೈದಿಗಳು, 20 ಕೋಟಿ ಡಾಲರ್, ಜೊತೆಗೆ ಹೂತಿದ್ದ ಒಬ್ಬ ಉಗ್ರನ ಶವ. ಮಾತುಕತೆ ತಂಡ ಅದನ್ನ ಮೂರು ಜನಕ್ಕೆ ಇಳಿಸ್ತು. ಸುತ್ತ ತಾಲಿಬಾನ್ ಬಂದೂಕು, ವಿಮಾನದ ಒಳಗೆ ಕೊಳೆತ ವಾಸನೆ, ಮಕ್ಕಳು ಮುದುಕರು. ಆ ಸ್ಥಿತಿಯಲ್ಲಿ ಅಷ್ಟು ಇಳಿಸಿದ್ದು ಸಣ್ಣ ಕೆಲಸ ಅಲ್ಲ, ಇದನ್ನ ಯಾರೂ ಸರಿಯಾಗಿ ಹೇಳಲ್ಲ ಅನ್ನೋದು ನನ್ನ ಬೇಸರ.

ದಿಲ್ಲಿಯಲ್ಲಿ ಇನ್ನೊಂದು ಒತ್ತಡ. ಪ್ರಧಾನಿ ಮನೆ ಮುಂದೆ ಪ್ರಯಾಣಿಕರ ಮನೆಯವರು ಕೂಗಾಡ್ತಾ ಇದ್ರು, ಟಿವಿ ಚಾನೆಲ್‌ಗಳು ಅದನ್ನ ದಿನವಿಡೀ ತೋರಿಸ್ತಾ ಇದ್ವು. ಅವರ ಮೇಲೆ ನನಗೆ ಸಿಟ್ಟಿಲ್ಲ, ನನ್ನ ತಮ್ಮ ಒಳಗಿದ್ರೆ ನಾನೂ ಅಲ್ಲೇ ಕೂತು ಅಳ್ತಿದ್ದೆ.

ಬಿಡೋದು ಅಂತ ಆದ್ಮೇಲೆ ಕೈದಿಗಳಲ್ಲಿ ಇಬ್ಬರು ಜಮ್ಮು ಕಾಶ್ಮೀರದ ಜೈಲಲ್ಲಿ. ಮುಖ್ಯಮಂತ್ರಿ ಫಾರೂಕ್ ಅಬ್ದುಲ್ಲಾ ಸುತರಾಂ ಒಪ್ಪಲಿಲ್ಲ, ಒಪ್ಪಿಸೋಕೆ ರಾ ಮುಖ್ಯಸ್ಥ ಎ.ಎಸ್. ದುಲತ್ ಸ್ವತಃ ಹೋಗಬೇಕಾಯ್ತು, ಫಾರೂಕ್ ಅವರ ಮೇಲೆ ಹರಿಹಾಯ್ದ್ರು. ಒಂದು ಗೂಢಚಾರ ಸಂಸ್ಥೆಯ ಮುಖ್ಯಸ್ಥ ಒಬ್ಬ ಮುಖ್ಯಮಂತ್ರಿಯ ಮನ ಒಲಿಸೋ ರಾಜಕೀಯ ಕೆಲಸಕ್ಕೆ ಹೋಗ್ತಾರೆ ಅಂದ್ರೆ, ಯಾರ ಕೆಲಸ ಯಾರು ಮಾಡ್ಬೇಕು ಅನ್ನೋದು ಆ ವಾರ ಎಷ್ಟು ಕಲಸಿಹೋಗಿತ್ತು ನೋಡಿ. ಅಮೃತಸರದ ಅವಕಾಶ ಕೈಬಿಟ್ವಿ, ಯಾರೂ ನಿರ್ಧಾರ ತಗೊಳ್ಳೋಕೆ ಮುಂದೆ ಬರಲಿಲ್ಲ ಅಂತ ವರ್ಷಗಳಾದ ಮೇಲೆ ಬಹಿರಂಗವಾಗಿ ಒಪ್ಪಿಕೊಂಡವರಲ್ಲಿ ಇದೇ ದುಲತ್ ಒಬ್ಬರು, ಆ ಮಾತಿಗೆ ಅವರಿಗೆ ಮರ್ಯಾದೆ ಕೊಡ್ಬೇಕು.

ಡಿಸೆಂಬರ್ 31ಕ್ಕೆ ಜಸ್ವಂತ್ ಸಿಂಗ್ ಕಂದಹಾರ್‌ಗೆ ಹೊರಟ್ರು, ಅದೇ ವಿಮಾನದಲ್ಲಿ ಬಿಡಬೇಕಾಗಿದ್ದ ಆ ಮೂವರು ಕೈದಿಗಳು, ಮಸೂದ್ ಅಜರ್, ಒಮರ್ ಶೇಖ್, ಮುಷ್ತಾಕ್ ಜರ್ಗರ್. ವಿದೇಶಾಂಗ ಸಚಿವರು ಉಗ್ರರ ಜೊತೆ ಹೋಗಿದ್ದಕ್ಕೆ ಇವತ್ತಿಗೂ ಬೈಗುಳ ಇದೆ. ಅವರು ಕೊಟ್ಟ ಕಾರಣ ಏನಂದ್ರೆ, ಕೊನೇ ಗಳಿಗೆಯಲ್ಲಿ ಏನಾದ್ರೂ ಎಡವಟ್ಟಾದ್ರೆ ಸ್ಥಳದಲ್ಲೇ ನಿರ್ಧಾರ ತಗೊಳ್ಳೋ ಅಧಿಕಾರ ಇರೋರು ಬೇಕು ಅಂತ ಕಂದಹಾರ್‌ನಲ್ಲಿದ್ದ ಅಧಿಕಾರಿಗಳೇ ಕೇಳಿದ್ರು. ನೋಡಿ, ಎಂಟನೇ ದಿನವೂ ಅದೇ ಪ್ರಶ್ನೆ. ನಿರ್ಧಾರ ತಗೊಳ್ಳೋರು ಯಾರು, ಅವರು ಎಲ್ಲಿದ್ದಾರೆ. 24ಕ್ಕೆ ಅಮೃತಸರದಲ್ಲಿ ಇಲ್ಲದಿದ್ದ ಆ ಒಬ್ಬ ವ್ಯಕ್ತಿ 31ಕ್ಕೆ ಕಂದಹಾರ್‌ನಲ್ಲಿ ಬೇಕಾಯ್ತು.

ಆಮೇಲಿನದ್ದು ಬೇಗ ಹೇಳ್ತೀನಿ. ಅಜರ್ 2000ದಲ್ಲಿ ಜೈಶ್-ಎ-ಮೊಹಮ್ಮದ್ ಅನ್ನೋ ಉಗ್ರ ಸಂಘಟನೆ ಕಟ್ಟಿದ, ಆಮೇಲೆ 2001ರ ಡಿಸೆಂಬರ್ 13ರ ಸಂಸತ್ ದಾಳಿ, 2016ರ ಪಠಾಣ್‌ಕೋಟ್, 2019ರ ಪುಲ್ವಾಮಾದಲ್ಲಿ 40 ಸಿಆರ್‌ಪಿಎಫ್ ಯೋಧರು. ಒಮರ್ ಶೇಖ್ ಹೆಸರು 2002ರಲ್ಲಿ ಅಮೆರಿಕನ್ ಪತ್ರಕರ್ತ ಡೇನಿಯಲ್ ಪರ್ಲ್ ಅಪಹರಣದಲ್ಲಿ ಬಂತು.

ಹಾಗಾದ್ರೆ ತಪ್ಪು ಮಿಶ್ರಾ ಅವರದ್ದಾ? ನಾನು ಹಾಗೆ ಹೇಳೋಕೆ ತಯಾರಿಲ್ಲ. ಅದೇ ವರ್ಷ ಬೇಸಿಗೆಯಲ್ಲಿ ಕಾರ್ಗಿಲ್ ಆಗಿತ್ತಲ್ಲ, ಆಗ ಇದೇ ಮಿಶ್ರಾ, ಇದೇ ಎರಡು ಹುದ್ದೆ ಇಟ್ಕೊಂಡು, ಅಮೆರಿಕದ ಎನ್‌ಎಸ್‌ಎ ಸ್ಯಾಂಡಿ ಬರ್ಗರ್ ಜೊತೆ ನೇರ ಸಂಪರ್ಕ ಇಟ್ಕೊಂಡಿದ್ರು, ನಾವು ನಿಯಂತ್ರಣ ರೇಖೆ ದಾಟಿಲ್ಲ, ಆದ್ರೆ ನಮ್ಮ ತಾಳ್ಮೆಗೂ ಮಿತಿ ಇದೆ ಅನ್ನೋ ಸಂದೇಶ ವಾಷಿಂಗ್ಟನ್‌ಗೆ ಮುಟ್ಟೋ ಹಾಗೆ ನೋಡ್ಕೊಂಡ್ರು. ಅದು ಕೆಲಸ ಮಾಡ್ತು. ಯಾಕೆ ಮಾಡ್ತು ಅಂದ್ರೆ ಕಾರ್ಗಿಲ್ ವಾರಗಟ್ಟಲೆ ನಡೆದ ಯುದ್ಧ. ಬೆಳಗ್ಗೆ ನೇಮಕಾತಿ ಫೈಲ್ ನೋಡಿ ಮಧ್ಯಾಹ್ನ ಬರ್ಗರ್‌ಗೆ ಫೋನ್ ಮಾಡಬಹುದು, ಸಂಜೆ ಪ್ರಧಾನಿ ಜೊತೆ ಕೂತು ಯೋಚನೆ ಮಾಡಬಹುದು. ಅಪಹರಣದಲ್ಲಿ ಆ ಪುರುಸೊತ್ತು ಇರಲ್ಲ. 50 ನಿಮಿಷದ ಆಟಕ್ಕೆ ಮೊದಲೇ ತಯಾರಿ ಬೇಕು, ಯಾರಿಗೆ ಯಾರು ಫೋನ್ ಮಾಡ್ಬೇಕು ಅನ್ನೋದು ಕಾಗದದ ಮೇಲೆ ಇರಬೇಕು, ವರ್ಷಕ್ಕೊಂದು ಸಲ ಅದನ್ನ ಓಡಿಸಿ ನೋಡಿರಬೇಕು. ಆ ತಯಾರಿ ಯಾರ ಕಣ್ಣಿಗೂ ಬೀಳದ ಬೋರಿಂಗ್ ಕೆಲಸ, ಪೂರ್ತಿ ದಿನ ಬೇಡುವ ಕೆಲಸ. ಅರ್ಧ ದಿನದ ಸಲಹೆಗಾರ ಎಷ್ಟೇ ಬುದ್ಧಿವಂತ ಆದ್ರೂ ಮೊದಲು ಬಿಟ್ಟುಹೋಗೋದು ಅದೇ.

ಕಾರ್ಗಿಲ್ ಹೇಗಾಯ್ತು ಅಂತ ನೋಡೋಕೆ ಕೆ. ಸುಬ್ರಹ್ಮಣ್ಯಂ ಅಧ್ಯಕ್ಷತೆಯಲ್ಲಿ ಜುಲೈ ಕೊನೆಯಲ್ಲಿ ಒಂದು ಸಮಿತಿ ಆಗಿತ್ತು. ಅದರ ವರದಿ 2000ದ ಫೆಬ್ರವರಿ 23ಕ್ಕೆ ಸಂಸತ್ತಿಗೆ ಬಂತು, ಅದರಲ್ಲಿ ಸ್ಪಷ್ಟವಾಗಿ ಬರೆದಿದ್ರು, ಪೂರ್ಣಾವಧಿ ಭದ್ರತಾ ಸಲಹೆಗಾರ ಬೇಕು, ಎರಡನೇ ಸಾಲಿನ ಜನರನ್ನೂ ಈಗಿಂದಲೇ ತಯಾರು ಮಾಡಬೇಕು ಅಂತ. ಸಮಿತಿ ನೋಡಿದ್ದು ಕಾರ್ಗಿಲ್, ಆದ್ರೆ ಆ ಸಾಲು ಓದುವಾಗ ನನ್ನ ಕಣ್ಣ ಮುಂದೆ ಬರೋದು ಅಮೃತಸರ. ವರದಿಯ ಎಷ್ಟೋ ಶಿಫಾರಸು ಜಾರಿಗೆ ಬಂತು, ಈ ಒಂದು ಮಾತ್ರ ಮುಂದಿನ ನಾಲ್ಕು ವರ್ಷ ಹಾಗೇ ಕೂತಿತ್ತು.

ಇದಕ್ಕೆ ವಿರುದ್ಧ ವಾದ ಒಂದಿದೆ, ಅದು ಹಗುರವಾದ ವಾದ ಅಲ್ಲ. ದಿಲ್ಲಿಯಲ್ಲಿ ಮಿಶ್ರಾ ಫೋನ್ ಎಲ್ಲರೂ ಎತ್ತುತ್ತಿದ್ದಿದ್ದೇ ಅವರು ಪ್ರಿನ್ಸಿಪಲ್ ಸೆಕ್ರೆಟರಿ ಅಂತ. ಬರೀ ಸಲಹೆಗಾರ ಆಗಿದ್ರೆ ಇಲಾಖೆಗಳು ಕ್ಯಾರೇ ಅಂತಿರಲಿಲ್ಲ. ಹೊಸ ಹುದ್ದೆಗೆ ಬೇರು ಬಿಡೋ ತನಕ ಒಂದು ಹಳೇ ಮರದ ಆಸರೆ ಬೇಕಿತ್ತು ಅಂತ. ಅಮೆರಿಕದಲ್ಲೂ ಕಿಸಿಂಜರ್ 1973ರಿಂದ 75ರ ತನಕ ಎನ್‌ಎಸ್‌ಎ ಮತ್ತು ವಿದೇಶಾಂಗ ಸಚಿವ (ಅಲ್ಲಿ ಸೆಕ್ರೆಟರಿ ಆಫ್ ಸ್ಟೇಟ್ ಅಂತಾರೆ) ಎರಡೂ ಆಗಿದ್ರು, ಆಮೇಲೆ ಫೋರ್ಡ್ ಒಂದನ್ನ ತೆಗೆದ್ರು. ನನಗೆ ಈ ವಾದದಲ್ಲಿ ಅರ್ಧ ಒಪ್ಪಿಗೆ. ಹತ್ತಿರ ಇಲ್ಲದ ಸಲಹೆಗಾರ ಬರೀ ಬೋರ್ಡು. ಆದ್ರೆ ಹತ್ತಿರ ಇರೋದಕ್ಕೆ ಬೇಕಾಗೋದು ಪ್ರಧಾನಿಯ ನಂಬಿಕೆ, ಇನ್ನೊಂದು ಹುದ್ದೆಯ ಫೈಲ್‌ಗಳಲ್ಲ.

2004ರಲ್ಲಿ ಸರ್ಕಾರ ಬದಲಾದಾಗ ಎರಡನ್ನೂ ಬೇರೆ ಮಾಡಿದ್ರು. ಜೆ.ಎನ್. ದೀಕ್ಷಿತ್ ಎನ್‌ಎಸ್‌ಎ, ಟಿ.ಕೆ.ಎ. ನಾಯರ್ ಪ್ರಿನ್ಸಿಪಲ್ ಸೆಕ್ರೆಟರಿ, ಆಂತರಿಕ ಭದ್ರತೆಗೆ ಎಂ.ಕೆ. ನಾರಾಯಣನ್ ಅಂತ ಇನ್ನೊಬ್ಬ ವಿಶೇಷ ಸಲಹೆಗಾರ. 2005ರ ಜನವರಿಯಲ್ಲಿ ದೀಕ್ಷಿತ್ ತೀರಿಕೊಂಡ ಮೇಲೆ ನಾರಾಯಣನ್ ಎನ್‌ಎಸ್‌ಎ. ಬೇರೆ ಮಾಡಿದ್ರಿಂದ ಎಲ್ಲ ಸರಿಹೋಯ್ತು ಅಂತ ಹೇಳೋಕೆ ಆಗಲ್ಲ. 2008ರ ನವೆಂಬರ್ 26ರ ರಾತ್ರಿ ಮುಂಬೈಗೆ ಎನ್‌ಎಸ್‌ಜಿ ತಲುಪೋಕೆ ಮತ್ತೆ ಗಂಟೆಗಟ್ಟಲೆ ಆಯ್ತು, ದಿಲ್ಲಿ ಹತ್ರದಿಂದಲೇ ಹೋಗ್ಬೇಕಿತ್ತು, ಪೂರ್ಣಾವಧಿ ಎನ್‌ಎಸ್‌ಎ ಇದ್ದೂ. ನಾರಾಯಣನ್ ರಾಜೀನಾಮೆ ಕೊಡೋಕೆ ಮುಂದಾದ್ರು, ಪ್ರಧಾನಿ ತಗೊಳ್ಳಲಿಲ್ಲ. ಅದಾದ ಮೇಲೆ ಮುಂಬೈ, ಚೆನ್ನೈ, ಹೈದರಾಬಾದ್, ಕೋಲ್ಕತ್ತಾದಲ್ಲಿ ಎನ್‌ಎಸ್‌ಜಿ ನೆಲೆ ಮಾಡಿದ್ರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಒಂದು ಸಲ ಅಲ್ಲ, ಎರಡು ಸಲ.

ಕಂದಹಾರ್ ರನ್‌ವೇ ಮೇಲೆ ನಿಂತಿದ್ದ ಆ ತಂಡದ ಕತೆ ಮುಂದೆ ಹೋಗೋದು ಇದೇ ಕುರ್ಚಿ ಕಡೆಗೆ. ಸಹಾಯ್ ರಾ ಮುಖ್ಯಸ್ಥರಾದ್ರು. ಸಂಧು ಐಬಿ ಮುಖ್ಯಸ್ಥರಾಗಿ ಆಮೇಲೆ ಡೆಪ್ಯುಟಿ ಎನ್‌ಎಸ್‌ಎ ಆದ್ರು. ದೋವಲ್ 2014ರ ಮೇ ಕೊನೆಗೆ ಎನ್‌ಎಸ್‌ಎ, 2019ರಲ್ಲಿ ಸಂಪುಟ ದರ್ಜೆ. 2018ರಲ್ಲಿ, ಭದ್ರತಾ ವಿಷಯಕ್ಕೆ ಬೇರೆ ಬೇರೆ ಇಲಾಖೆಯ ಹಿರಿಯರು ಸೇರೋ ಸ್ಟ್ರಾಟೆಜಿಕ್ ಪಾಲಿಸಿ ಗ್ರೂಪ್‌ನ ಅಧ್ಯಕ್ಷತೆಯನ್ನ ಸಂಪುಟ ಕಾರ್ಯದರ್ಶಿಯಿಂದ ತೆಗೆದು ಎನ್‌ಎಸ್‌ಎಗೆ ಕೊಟ್ರು, ಸಂಪುಟ ಕಾರ್ಯದರ್ಶಿ ಈಗ ಅದರ ಒಬ್ಬ ಸದಸ್ಯ. 1999ರಲ್ಲಿ ದಾರಗಳು ಚೆಲ್ಲಾಪಿಲ್ಲಿ ಆಗಿದ್ವು, ಈಗ ಎಲ್ಲ ಒಂದೇ ಕೈಗೆ ಬಂದಿವೆ. ಇದರಲ್ಲೂ ನನಗೆ ಒಂದು ಆತಂಕ ಇದೆ. ಸಂಸದನೂ ಅಲ್ಲದ, ಸಚಿವನೂ ಅಲ್ಲದ ಒಬ್ಬ ವ್ಯಕ್ತಿಯನ್ನ ಸದನದಲ್ಲಿ ನಿಲ್ಲಿಸಿ ಪ್ರಶ್ನೆ ಕೇಳೋಕೆ ಆಗಲ್ಲ. ಅವನ ಬದಲು ಉತ್ತರ ಕೊಡಬೇಕಾದವರು ಪ್ರಧಾನಿ ಒಬ್ಬರೇ.

ಅಮೃತಸರಕ್ಕೆ ನೇರ ಉತ್ತರ ಬಂದಿದ್ದು 2005ರ ಆಗಸ್ಟ್‌ನಲ್ಲಿ, ಅಪಹರಣ ವಿರೋಧಿ ನೀತಿ ರೂಪದಲ್ಲಿ. ಅಪಹೃತ ವಿಮಾನ ನಮ್ಮ ನೆಲದಲ್ಲಿ ಇಳಿದ್ರೆ ಮತ್ತೆ ಹಾರೋಕೆ ಬಿಡಬಾರದು, ಬೇಡಿಕೆ ಬಗ್ಗೆ ಚೌಕಾಸಿ ಇಲ್ಲ, ವಿಮಾನವನ್ನೇ ಕ್ಷಿಪಣಿ ಥರ ಬಳಸೋ ಹಾಗೆ ಕಂಡ್ರೆ ಹೊಡೆದುರುಳಿಸಬಹುದು. ಆ ಕಠೋರ ಆದೇಶ ಕೊಡೋರು ಯಾರು ಅನ್ನೋದಕ್ಕೂ ಅದರಲ್ಲಿ ಉತ್ತರ ಇತ್ತು. ಭದ್ರತಾ ಸಂಪುಟ ಸಮಿತಿ ಸೇರೋಕೆ ಟೈಮ್ ಇಲ್ಲ ಅಂದ್ರೆ ಪ್ರಧಾನಿ, ರಕ್ಷಣಾ ಸಚಿವ, ಗೃಹ ಸಚಿವ, ಈ ಮೂವರಲ್ಲಿ ಫೋನಿಗೆ ಯಾರು ಮೊದಲು ಸಿಕ್ತಾರೋ ಅವರು. 1999ರ ಆ ಶುಕ್ರವಾರ ಸಂಜೆ ವಿಮಾನ ಅಮೃತಸರದಲ್ಲಿ ನಿಂತಿದ್ದಾಗ ಬೇಕಾಗಿದ್ದಿದ್ದು ಈ ಒಂದು ಸಾಲು.